ಮಾವನ ತಲೆಯ ತುಕ್ಕು

ಮನುಷ್ಯರಿಗೂ ತುಕ್ಕು ಹಿಡಿಯುತ್ತದೆ ಎಂದು ಜಗತ್ತಿನಲ್ಲಿ ಮೊದಲು ಕಂಡುಹಿಡಿದವನು ನಮ್ಮ ಸೋದರಮಾವ. ನಂಬುವುದಿಲ್ಲವೇ? ಪೀಣ್ಯದ ನಮ್ಮ ಬೀದಿಯಲ್ಲೂ ಯಾರೂ ನಂಬಲಿಲ್ಲ ಬಿಡಿ!

ಎಂಬತ್ತರ ದಶಕದ ಮಾತು. ಅಮ್ಮನ ಈ ತಮ್ಮನಿಗೆ ಸ್ಕಿಜೋಫ್ರೀನಿಯಾ ಇತ್ತು. ಇಲ್ಲದವರ ದನಿಗಳು ಕೇಳುತ್ತಿದ್ದವು. ಎರಡು ಸಲ ಆಸ್ಪತ್ರೆಯಲ್ಲಿದ್ದು ಬಂದಿದ್ದ. ದಿನಕ್ಕೊಂದು ಮಾತ್ರೆ ನುಂಗಿದರೆ ದನಿಗಳು ಸುಮ್ಮನಿರುತ್ತಿದ್ದವು, ಮಾವ ಕಾರ್ಖಾನೆಗೆ ಹೋಗುತ್ತಿದ್ದ. ಅಲ್ಲೇನು ಕೆಲಸ? ತಯಾರಾದ ಬಿಡಿಭಾಗಗಳನ್ನು ಒರೆಸಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಮೇಣದ ಕಾಗದದಲ್ಲಿ ಸುತ್ತಿ, ಚೀಟಿ ಕಟ್ಟುವುದು.

ದಿನವಿಡೀ ತುಕ್ಕಿನ ಜೊತೆ ಜಗಳವಾಡುವವನಿಗೆ ಮನೆಯಲ್ಲಿ ಬೇರೇನು ಕಂಡೀತು? ಮೊದಲು ಗೇಟಿಗೆ ಎಣ್ಣೆ ಬಿತ್ತು. ಆಮೇಲೆ ಬೀಗಕ್ಕೆ, ಈಳಿಗೆಮಣೆಗೆ. ಒಂದು ಭಾನುವಾರ ಒಗ್ಗರಣೆ ಸೌಟಿಗೂ ಬಿತ್ತು. ಅಂದಿನ ಸಾರು ಗ್ಯಾರೇಜಿನ ವಾಸನೆ ಹೊಡೆಯಿತು!

"ಒಳಗಡೇನೂ ತುಕ್ಕು ಹಿಡಿಯುತ್ತೆ ಕಣೇ," ಎಂದು ಮಾವ ನನ್ನ ಕೈಗೊಂದು ನೆಲ್ಲಿಕಾಯಿ ಇಟ್ಟ. "ಉಸಿರಾಡೋ ಗಾಳೀನೇ ಹಿಡಿಸುತ್ತೆ. ನನ್ನ ತಲೇಲಿ ಕಿರ್ರ್ ಅನ್ನೋದೂ ಅದೇ. ಅಗಿ, ಹೋಗುತ್ತೆ."

ಹುಳಿಗೆ ನನ್ನ ಕಣ್ಣು ಮುಚ್ಚಿಕೊಂಡಿತು. "ನೋಡು ನೋಡು, ಬಿಡ್ತಾ ಇದೆ!" ಎಂದು ಕುಣಿದಾಡಿದ.

ಡಾಕ್ಟರಿಗೂ ಪಾಠ ತಪ್ಪಲಿಲ್ಲ. "ಸಾರ್, ನಿಮ್ಮ ಮಾತ್ರೆ ಸದ್ದು ನಿಲ್ಲಿಸುತ್ತೆ, ಒಪ್ತೀನಿ. ತುಕ್ಕು ತೆಗೆಯೋರ್ಯಾರು?"

ಡಾಕ್ಟರು ನಗಲಿಲ್ಲ, ಪುಣ್ಯಾತ್ಮರು. "ದೇಹದೊಳಗೆ ಅದಕ್ಕೂ ಕಾವಲು ಇರುತ್ತೆ ಕಣ್ರೀ. ನೆಲ್ಲಿಕಾಯಿ ತಿನ್ನಿ, ಬೇಡ ಅನ್ನಲ್ಲ. ಆದ್ರೆ ಮಾತ್ರೆ ಹಾಳು ಮಾಡ್ಬೇಡಿ."

ಮಾವ ಹಾಳು ಮಾಡಲಿಲ್ಲ, ಕಾಪಾಡಿದ! ಕೆಲವು ವಾರಗಳಲ್ಲಿ ಅವನು ಮತ್ತೆ ಗೋಡೆಯೊಡನೆ ವಾದಕ್ಕೆ ನಿಂತ. ಗಾಬರಿಯಾದ ಅಮ್ಮ ಅವನ ಟ್ರಂಕು ತೆಗೆದರೆ, ಅಷ್ಟೂ ಮಾತ್ರೆಗಳು ಎಣ್ಣೆ ಹಚ್ಚಿಸಿಕೊಂಡು, ಮೇಣದ ಕಾಗದ ಹೊದ್ದು ಹಾಯಾಗಿ ಮಲಗಿವೆ! ಮೇಲೊಂದು ಚೀಟಿ: "ದಾಸ್ತಾನು. ಮುಟ್ಟಬಾರದು."

"ಒಳ್ಳೆ ಮಾಲು ಅಕ್ಕ, ಕೆಡಬಾರ್ದಲ್ಲ!" ಎಂದ.

ಅಮ್ಮನಿಗೆ ಅಳುವೇ ಬಂತು. ಮೂರನೇ ಸಲ ಆಸ್ಪತ್ರೆ ಸೇರಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಇವನೂ ಕೈತಪ್ಪುತ್ತಾನೆ ಎಂಬ ಹೆದರಿಕೆ ಅವಳಿಗೆ. ಬೈದಳು, ಕೈಮುಗಿದಳು. ಮಾವ ಜಗ್ಗಲಿಲ್ಲ. ಚೀಟಿಯಲ್ಲಿ ಬರೆದ ಮೇಲೆ ಮುಗಿಯಿತಲ್ಲ!

ಹಾಗಾದರೆ ಚೀಟಿಯೇ ಸರಿ ಎಂದುಕೊಂಡ ಅಮ್ಮ ಮರುದಿನ ಹೊಸ ಮಾತ್ರೆಗೆ ತಾನೇ ಒಂದು ಕಟ್ಟಿದಳು: "ತಪಾಸಣೆ ಆಗಿದೆ. ಇವತ್ತೇ ಬಳಸಿ." ಕೆಳಗೆ ಸಹಿ. ಮಾವ ಎರಡು ಸಲ ಓದಿದ.

"ಇನ್‌ಸ್ಪೆಕ್ಷನ್ ಪಾಸಾಗಿದ್ರೆ ನಾನ್ಯಾಕೆ ತಡೀಲಿ?" ಎಂದು ನುಂಗಿದ.

ಅಂದಿನಿಂದ ದಿನಾ ಬೆಳಿಗ್ಗೆ, ಕಾಫಿಗೂ ಮುಂಚೆ, ಅಮ್ಮ ಒಂದು ಚೀಟಿ ಬರೆಯುತ್ತಿದ್ದಳು. ದನಿಗಳು ಮೆಲ್ಲಗೆ ಅಡಗಿದವು, ಕೆಲಸ ಉಳಿಯಿತು.

ಒಂದು ಬೆಳಿಗ್ಗೆ ಅಮ್ಮ ಜ್ವರದಿಂದ ಏಳಲೇ ಇಲ್ಲ. ಚೀಟಿಯಿಲ್ಲ, ಮಾವನ ಗತಿಯೇನು ಎಂದು ಅವನನ್ನು ಹುಡುಕಿಕೊಂಡು ಓಡಿದೆ. ಅವನು ತಾನೇ ಚೀಟಿ ಬರೆದುಕೊಂಡು, ಮಾತ್ರೆ ನುಂಗಿ, ಅಮ್ಮನ ಪಕ್ಕ ಕೂತು ಹಣೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದ. ಅವಳ ಬಳೆಯಲ್ಲಿ ಇನ್ನೊಂದು ಚೀಟಿ ತೂಗುತ್ತಿತ್ತು.

"ಒಂದೇ ಇದೆ. ಬದಲಿ ಸಿಗುವುದಿಲ್ಲ. ಜೋಪಾನ."