ಕೆಂಪು ಕೋಟಿನ ಮುತ್ತಜ್ಜ, ಹಸಿರು ಕೋಟಿನ ಮುತ್ತಜ್ಜ

ನಾದಿನಿ ಸುಜಾತಾಳ ಮದುವೆ ಮಾತುಕತೆಗೆಂದು ಅವಳು, ಮಾವನವರು, ನಾನು ಮುಧೋಳಕ್ಕೆ ಹೊರಟಾಗ ಮುತ್ತಜ್ಜನನ್ನೂ ಕರೆದೊಯ್ಯುವ ಅಮೋಘ ಉಪಾಯ ಹೊಳೆದದ್ದು ನನಗೇ! ಜಮಖಂಡಿಯ ನಮ್ಮ ಪಡಸಾಲೆಯಲ್ಲಿ ಅವರು ಚೌಕಟ್ಟಿನೊಳಗೆ ನಿಂತಿದ್ದರು: ಕೆಂಪು ಕೋಟು, ಎದೆಯ ಮೇಲೆ ಅಡ್ಡಡ್ಡ ಬಿಳಿ ಪಟ್ಟಿ, ಉದ್ದ ಟೋಪಿ. ಹಳೆಯ ಅಚ್ಚಿನ ಚಿತ್ರಕ್ಕೆ ಯಾರೋ ಕೈಯಾರೆ ಬಣ್ಣ ತುಂಬಿದ್ದರು. ಕೋಟಿನ ಕೆಂಪು ಗೆರೆ ದಾಟಿ ಮೀಸೆಗೂ ತಾಗಿತ್ತು. "ಸಂಸ್ಥಾನದ ಸರದಾರ್ರು" ಎಂದು ಮಾವನವರು ಬಂದವರಿಗೆಲ್ಲ ಹೇಳುತ್ತಿದ್ದರು. ವರ್ಷ ಕಳೆದಂತೆ ಸರದಾರರು ಗೆದ್ದ ಯುದ್ಧಗಳೂ ಹೆಚ್ಚುತ್ತಿದ್ದವು.

ಹುಡುಗನ ಮನೆಯಲ್ಲಿ ಮುತ್ತಜ್ಜನಿಗೆ ಸುತ್ತಿದ್ದ ಚಾದರವನ್ನು ಹೆಮ್ಮೆಯಿಂದ ಬಿಚ್ಚಿದೆ. ಎದುರು ಗೋಡೆಯ ಮೇಲೂ ಅವರೇ ನಿಂತಿದ್ದರು! ಹಸಿರು ಕೋಟಿನಲ್ಲಿ!

"ನಮ್ಮ ಮುತ್ತಜ್ಜಾರ ರೀ. ದೊಡ್ಡ ಸರದಾರ್ರು" ಎಂದರು ಹುಡುಗನ ತಂದೆ.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಸಣ್ಣಪುಟ್ಟದ್ದನ್ನು ಗಮನಿಸುವ ಕಾಯಿಲೆ ನನಗೆ. "ಅಯ್ಯ, ಎಡಗಾಲಿನ ಬೂಟಿನ ಗುಂಡಿ ಸೈತ ಹಂಗ ಬಿಚ್ಚೇತಿ ನೋಡ್ರಿ!" ಎಂದುಬಿಟ್ಟೆ.

ಹುಡುಗನ ಅಜ್ಜಿ ಕನ್ನಡಕ ಏರಿಸಿ ಎರಡೂ ಮುಖ ಹೋಲಿಸಿದರು. "ಮುತ್ತಜ್ಜ ಒಬ್ಬನ ಆದರ ನಾವು ನೀವು ಅಣ್ತಮ್ಮಕಿ. ಹುಡುಗಗ ಹುಡುಗಿ ತಂಗಿ ಆಗ್ತಾಳ. ಈ ಸಂಬಂಧ ಬ್ಯಾಡ್ರೀ ಯಪ್ಪಾ!"

ಆ ಹುಡುಗನನ್ನು ಸುಜಾತಾ ತಾನೇ ಮೆಚ್ಚಿ, ಹರಸಾಹಸಪಟ್ಟು ಅಪ್ಪನನ್ನು ಒಪ್ಪಿಸಿದ್ದಳು. "ವೈನಿ, ನಿನಗ ಸುಮ್ಕ ಕುಂದ್ರಾಕ ಬರೂದಿಲ್ಲೇನ ಬೇ?" ಎಂದು ನನ್ನ ತೋಳು ಚಿವುಟಿದಳು.

ತಪ್ಪು ತಿದ್ದಲು ಹೊರಟೆ. "ಚೌಕಟ್ಟು ಬಿಚ್ಚಿ ನೋಡೂಣ್ರಿ. ಕೆಳಗ ಹೆಸರು ಇರಬೇಕು. ಬ್ಯಾರೆ ಬ್ಯಾರೆ ಇದ್ರ ಆತಲ್ಲ?"

ಬಿಚ್ಚಿದರು. ಎರಡರ ಅಂಚಿನಲ್ಲೂ ಅದೇ ಇಂಗ್ಲಿಷ್ ಸಾಲು!

"ನಮ್ಮ ಸೊಸಿ ಕಾನ್ವೆಂಟಿನ್ಯಾಗ ಕಲ್ತಾಳ್ರಿ" ಎಂದು ಮಾವನವರು ಗಂಟಲು ಸರಿಮಾಡಿಕೊಂಡರು. "ಓದವಾ, ಜೋರಾಗಿ ಓದು!"

ಜೋರಾಗಿಯೇ ಓದಿ, ಕನ್ನಡದಲ್ಲೂ ಹೇಳಿದೆ: "ಕಾಲ್ದಳದ ಒಬ್ಬ ಸಾಮಾನ್ಯ ಸಿಪಾಯಿ."



"ಸಿಪಾಯಿ? ಛೇ, ನಮ್ಮಾಂವ ಅಲ್ರೀ" ಎಂದರು ಹುಡುಗನ ತಂದೆ. "ನಿಮ್ಮಾಂವ ಇರಬೇಕು."

"ನಮ್ಮಾಂವ ಹ್ಯಾಂಗ ಆಗ್ತಾನ್ರಿ?" ಮಾವನವರು ಉರಿದೆದ್ದರು. "ಚೌಕಟ್ಟು ಛಲೋ ಐತಿ ಅಂತ ಸಂತ್ಯಾಗ ತಂದಿದ್ದು!"

ಅಷ್ಟೆಲ್ಲ ಯುದ್ಧ ಗೆದ್ದ ವೀರನನ್ನು ಎರಡು ಮನೆತನಗಳು ಒಂದೇ ಉಸಿರಿಗೆ ಸೇವೆಯಿಂದ ವಜಾ ಮಾಡಿದವು!

"ಹಂಗಾದ್ರ ಅಣ್ತಮ್ಮಕಿ ಇಲ್ಲ. ಸಕ್ರಿ ಹಂಚ್ರಿ" ಎಂದರು ಅಜ್ಜಿ.

ಮದುವೆ ಗೊತ್ತಾಯಿತು. ಹಸಿರು ಕೋಟಿನವನನ್ನೂ ನನ್ನ ಕೈಗೇ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಮಾವನವರೂ ಸುಜಾತಾಳೂ ಮುಂದಿನ ಸೀಟು ಹಿಡಿದರು. ಹಿಂದೆ, ಇಬ್ಬರು ಅನಾಥ ಸಿಪಾಯಿಗಳನ್ನು ಮಡಿಲಲ್ಲಿಟ್ಟುಕೊಂಡು ನಾನೊಬ್ಬಳೇ.

"ಯಾರ್ರೀ ಅಕ್ಕಾರ ಇವ್ರು, ಅವಳಿ ಜವಳಿ ಏನು?" ಕೇಳಿದ ಕಂಡಕ್ಟರ್.

"ಅಲ್ರೀ, ಬೀಗರು" ಎಂದೆ. "ಟಿಕೀಟು ಮುಂದ ಆ ಹಿರ್ಯಾರು ತಗಸ್ತಾರ."

ಕಂಡಕ್ಟರ್ ಮುಂದೆ ಹೋಗಿ ನನ್ನತ್ತ ಕೈ ತೋರಿಸಿದ. ಮಾವನವರು ಕಿಟಕಿಯಾಚೆಯ ಕಬ್ಬಿನಿಂದ ಕಣ್ಣು ಕೀಳದೆ ಹೇಳಿದರು:

"ನಮ್ಮಾಕಿ ಅಲ್ಲಪಾ ಆಕಿ!"