ದಾಟಿದ ಕಾಲು ವಾಪಸ್ ದಾಟಲಿ

ಎಮ್ನಾ: ಅತ್ತೆ, ಆ ಡಬ್ಬಿ ಕೊಡಿ ಅಂದೆ. ತಣ್ಣಗಿಡಬೇಕಾದ ಔಷಧಿ ಅದು!

ಮನ್ನೂಬಿಯಾ: ನನ್ನ ತಮ್ಮ ಮೊಂಜಿ ಬರೋ ತನಕ ಸೂಜಿ ಇಲ್ಲ. ಮಲಗಿದ್ದ ಕೂಸನ್ನ ದಾಟಿ ಬೆಳವಣಿಗೆ ನಿಲ್ಲಿಸಿದವನು ಅವನೇ. ವಾಪಸ್ ದಾಟಲಿ, ಆಮೇಲೆ ಚುಚ್ಚು.

ಸ್ಫಾಕ್ಸ್ ಊರಿನ ಆ ಮನೆಯಂಗಳದಲ್ಲಿ ಅತ್ತೆ ಕಡಲೆ ಆರಿಸುತ್ತ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗಟ್ಟಿಯಾಗಿ ಕೂತಿದ್ದರು. ಆರು ತುಂಬಿದರೂ ನಾಲ್ಕರವನಂತೆ ಕಾಣುವ ಎಮ್ನಾಳ ಮಗ ಸ್ಕಂದರ್ ಪಕ್ಕದ ಚಾಪೆಯಲ್ಲಿ ಉರುಳಾಡುತ್ತಿದ್ದ. ತಡ ಮಾಡಿದಷ್ಟೂ ಬೆಳೆಯುವ ವಯಸ್ಸು ಕೈತಪ್ಪುತ್ತದೆ ಎಂದಿದ್ದರು ಡಾಕ್ಟರು. ಆ ಮಾತು ಎಮ್ನಾಳ ಎದೆಯಲ್ಲಿ ಕೂತು ಕುಟುಕುತ್ತಿತ್ತು.

ಎಮ್ನಾ: ದಾಟಿದ್ದಕ್ಕಲ್ಲ ಅತ್ತೆ! ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗ್ರಂಥಿ ಇರುತ್ತೆ. ಇವನದ್ದು ಹುಟ್ಟಿನಿಂದಲೇ ತೀರಾ ಸಣ್ಣದು. ಬೆಳೆಸೋ ರಸ ಬರ್ತಾನೇ ಇಲ್ಲ.

ಮನ್ನೂಬಿಯಾ (ಕಡಲೆಯೊಂದನ್ನು ಎತ್ತಿ ಹಿಡಿದು): ಇಷ್ಟೇ ಇಷ್ಟು? ಇದು ಇಡೀ ಮೈ ಆಳುತ್ತಾ?

ಎಮ್ನಾ: ಹೂಂ.

ಮನ್ನೂಬಿಯಾ: ಸರಿ ಬಿಡು, ನಮ್ಮನೆ ಸೊಸೆ ಇದ್ದ ಹಾಗೆ. ಇರೋದು ಇಷ್ಟು, ಆಡಳಿತ ಮನೆಯೆಲ್ಲ.

ಅಷ್ಟರಲ್ಲಿ ಕೋಲೂರಿಕೊಂಡು ಮೊಂಜಿ ಬಂದರು.

ಮೊಂಜಿ: ಅಕ್ಕಾ, ಊಟಕ್ಕೆ ಕರೆದೆ ಅಂತ ಬಂದೆ. ಇದೇನು ಪಂಚಾಯಿತಿ?

ಮನ್ನೂಬಿಯಾ: ಆವತ್ತು ಹಬ್ಬದಲ್ಲಿ ಮಲಗಿದ್ದ ಕೂಸನ್ನ ದಾಟಿದ್ಯಲ್ಲ, ವಾಪಸ್ ದಾಟು.

ಮೊಂಜಿ: ನಾನು ದಾಟಿದ್ದು ದಿಂಬನ್ನ!

ಮನ್ನೂಬಿಯಾ: ದಿಂಬು ಅಳುತ್ತೇನೋ?

ಮೊಂಜಿ: ನೀನು ಕಿರುಚಿದ್ದಕ್ಕೆ ಪಕ್ಕದಲ್ಲಿದ್ದ ಕೂಸು ಅತ್ತಿದ್ದು. ಅಲ್ಲ, ಈ ಮಂಡಿ ಇಟ್ಕೊಂಡು ಹೊಸ್ತಿಲು ದಾಟೋಕೇ ಅಲ್ಲಾಹ್ ಅಂತೀನಿ, ಹುಡುಗನ್ನ ಹೇಗೆ ದಾಟಲಿ?

ಎಮ್ನಾ: ಮಾವ, ಇದೆಲ್ಲ ಮೂಢನಂಬಿಕೆ ಅಂತ ನೀವಾದ್ರೂ ಹೇಳಿ.

ಮೊಂಜಿ: ಹೇಳ್ತೀನಮ್ಮ. ಊಟ ಆದ್ಮೇಲೆ.

ಸ್ಕಂದರ್ (ಅಂಗಾತ ಮಲಗಿ): ಬೇಗ ದಾಟಿ ತಾತ, ಬೆನ್ನು ಕಡೀತಿದೆ!

ಮೊಂಜಿ ಗೋಡೆ ಹಿಡಿದರು, ಉಸಿರು ಬಿಗಿಹಿಡಿದರು, ಒಂದು ಕಾಲನ್ನು ಹೇಗೋ ಆಚೆ ದಾಟಿಸಿದರು. ಇನ್ನೊಂದು ಏಳಲೊಲ್ಲದು. ಸ್ಕಂದರ್ ಕೆಳಗೆ ಕಿಲಕಿಲ ನಗುತ್ತಿದ್ದ.

ಮೊಂಜಿ: ಅರ್ಧ ಆಯ್ತು, ಸಾಕಲ್ವಾ?

ಎಮ್ನಾ: ಅಯ್ಯೋ, ಅರ್ಧಕ್ಕೆ ಬಿಡಬೇಡಿ ಮಾವ! ಆ ಕಾಲೂ, ಆ ಕಾಲೂ ದಾಟಿಸಿ!

ಓಡಿಬಂದು ತಾನೇ ಅವರ ಕಾಲನ್ನು ಎರಡು ಕೈಯಲ್ಲಿ ಎತ್ತಿ ಆಚೆ ಇಟ್ಟಳು.

ಮನ್ನೂಬಿಯಾ: ಮೂಢನಂಬಿಕೆ ಅಂದೋರು ಯಾರಪ್ಪ?

ಎಮ್ನಾ: ಅದು... ಮಾಡೋದಾದ್ರೆ ನೆಟ್ಟಗೆ ಮಾಡಬೇಕಲ್ವಾ ಅತ್ತೆ.

ಮನ್ನೂಬಿಯಾ: ಹಿಡಿ ಡಬ್ಬಿ. ಕೊಟ್ಟ ಮಾತು ಮಾತೇ.

ಎಮ್ನಾ ಪೆನ್ನಿನಂಥ ಸೂಜಿಯನ್ನು ಹೊರತೆಗೆದಳು. ಆಸ್ಪತ್ರೆಯಲ್ಲಿ ನರ್ಸಮ್ಮ ಕಲಿಸಿದ್ದೆಲ್ಲ ನೆನಪಿತ್ತು. ಮಗನ ಪುಟ್ಟ ತೊಡೆ ನೋಡಿದಳು, ಸೂಜಿಗೆ ಮತ್ತೆ ಮುಚ್ಚಳ ಹಾಕಿದಳು.

ಎಮ್ನಾ: ಅತ್ತೆ... ನಾಳೆಯಿಂದ ಶುರು ಮಾಡಿದ್ರೆ?

ಮನ್ನೂಬಿಯಾ: ಬೆಳಗಿನಿಂದ ನನ್ನ ಪ್ರಾಣ ತಿಂದು, ಈಗ ನಾಳೆ ಅಂತೀಯಾ? ಕೊಡಿಲ್ಲಿ. ಬೀದಿಯ ಹೆಣ್ಣುಮಕ್ಕಳಿಗೆಲ್ಲ ಕಿವಿ ಚುಚ್ಚಿದ ಕೈ ಇದು. ಎಲ್ಲಿ, ಹೇಗೆ, ಸರಿಯಾಗಿ ಹೇಳು. ಸ್ಕಂದರ್, ಅಮ್ಮನ ಕೈ ಗಟ್ಟಿಯಾಗಿ ಹಿಡ್ಕೊಳೋ, ಬಿದ್ದುಗಿದ್ದಾಳು.

ಎಮ್ನಾ ಕಣ್ಣು ಮುಚ್ಚಿಕೊಂಡೇ ಹೇಳಿಕೊಟ್ಟಳು. ಅತ್ತೆ ಬಿಸ್ಮಿಲ್ಲಾ ಎಂದು ಒತ್ತಿದರು.

ಸ್ಕಂದರ್: ಅಮ್ಮಾ, ಆಗೋಯ್ತು. ನೀನ್ಯಾಕೆ ಅಳ್ತಿದೀಯ?

ಮೊಂಜಿ (ಮಂಡಿ ಉಜ್ಜಿಕೊಳ್ಳುತ್ತ): ನಾನು ಅಳಬೇಕು ಕಣೋ. ನೀನು ಬೆಳೆದ್ರೆ ಹೆಸರು ಸೂಜಿಗೆ. ಬೆಳೆಯೋದು ತಡವಾದ್ರೆ, ಇವರಿಬ್ಬರೂ ಸೇರಿ ಮತ್ತೆ ನನ್ನ ಕಾಲು ಎತ್ತಿಸ್ತಾರೆ!