ಗುಡ್ಡದೊಳಗಿಂದ ಹೋದ ಬಸ್ಸು

ಮ್ಯಾನೇಜರ್ ಬರುವುದು ತಡವಾಯಿತು. ಎಲ್ಲ ಅನಾಹುತಕ್ಕೂ ಅದೇ ಮೂಲ. ಡ್ರೈವರ್ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಸುಮ್ಮನೆ ಕೂತಿರಬಹುದಿತ್ತು. ಕೂರಲಿಲ್ಲ. ಭಾವಮೈದ ಫೋನಿಗೆ ಹಾಕಿಕೊಟ್ಟಿದ್ದ ಬಸ್ಸು ಓಡಿಸುವ ಆನ್‌ಲೈನ್ ಆಟ ತೆರೆದ.

ಅವನಿಗೆ ಬೇಕಿದ್ದದ್ದು ಒಂದೇ: ಬೆಟ್ಟದ ರೂಟು ತಪ್ಪಿಸಿ ಊರೊಳಗಿನ ರೂಟು ಕೊಡಬೇಕು. ಬೆಟ್ಟದ ಬಸ್ಸಿನವನು ರಾತ್ರಿ ಬೆಟ್ಟದ ಮೇಲೆಯೇ ಮಲಗಬೇಕು. ವಾರಕ್ಕೊಮ್ಮೆ ಮನೆಗೆ ಹೋದರೆ ಪುಟ್ಟ ಮಗಳು ಬಾಗಿಲಲ್ಲೇ ನಿಂತು, "ಅಮ್ಮಾ, ಬಸ್ಸಿನ ಮಾಮ ಬಂದ್ರು" ಎನ್ನುತ್ತಿದ್ದಳು. ಇವತ್ತು ಮ್ಯಾನೇಜರ್ ರೂಟಿನ ವಿಷಯ ತೀರ್ಮಾನಿಸುವವರಿದ್ದರು.

ಆಟ ಇನ್ನೂ ಅರೆಬೆಂದದ್ದು. ಓಡಿಸಿ ನೋಡಿ, ತಪ್ಪು ಹುಡುಕಿಕೊಡಿ ಎಂದು ಮಾಡಿದವರೇ ಕೆಲವರಿಗೆ ಪರೀಕ್ಷೆಗೆ ಬಿಟ್ಟಿದ್ದರು. ಹಾಗೆಂದು ಪರದೆಯ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದೂ ಇತ್ತು. ಓದುವವರು ಯಾರು? ಮೆಕ್ಯಾನಿಕ್ ಬಂದವನೇ ಫೋನನ್ನು ಗೋಡೆಯ ಟಿವಿಗೆ ಜೋಡಿಸಿಬಿಟ್ಟ.

ಗೋಡೆ ತುಂಬ ಒಂದು ಲೋಕ ತೆರೆದುಕೊಂಡಿತು. ಸೂರ್ಯ ಮರದ ತುದಿಗೆ ಸಿಕ್ಕಿಕೊಂಡ ಗಾಳಿಪಟದಂತೆ ಅಲ್ಲಾಡದೆ ನಿಂತಿದ್ದ. ಸಮುದ್ರ ಅರ್ಧಕ್ಕೇ ಮುಗಿದು, ಆಚೆ ಬರೀ ಬಿಳಿ. ಬಸ್ಸಿಗೆ ಇನ್ನೂ ಸೀಟು ಮಾಡಿರಲಿಲ್ಲ. ಪ್ರಯಾಣಿಕರು ಗಾಳಿಯ ಮೇಲೆ ಕೂತು ಹಾಯಾಗಿ ಕಿಟಕಿಯಾಚೆ ನೋಡುತ್ತಿದ್ದರು. ದೇವರು ಊಟಕ್ಕೆ ಎದ್ದು ಹೋದಾಗ ಅವನ ಕಾರ್ಖಾನೆಗೆ ಇಣುಕಿದಂತಾಗಿ ಡ್ರೈವರಿಗೂ ಒಂದು ಕ್ಷಣ ಮೈ ಜುಮ್ಮೆಂದಿತು.

ಆ ಜುಮ್ಮಿನಲ್ಲಿ ತಿರುವು ತಪ್ಪಿತು. ಬಸ್ಸು ನೇರ ಗುಡ್ಡಕ್ಕೆ ನುಗ್ಗಿ, ಮಂಜು ಹೊಕ್ಕ ಹಕ್ಕಿಯಂತೆ ಆಚೆ ಬಂತು.

ಪಕ್ಕದಲ್ಲಿ ಕೂತಿದ್ದ ಅವನ ಕಂಡಕ್ಟರ್ ಬಾಯಲ್ಲಿದ್ದ ಚಹಾ ನುಂಗಲು ಮರೆತ. ಆಮೇಲೆ ನುಂಗಿ, "ಅಣ್ಣ, ಗುಡ್ಡದೊಳಗೆ ಹೋಗಿ ಬಂದ್ಬಿಟ್ಯಲ್ಲ" ಎಂದ.

"ಗೀರು ನೋಡು, ಒಂದಾದ್ರೂ ಇದ್ಯಾ?" ಎಂದ ಮೆಕ್ಯಾನಿಕ್. "ನಿಮ್ಮಗಳ ಬಂಪರ್ ಬಡಿದು ಬಡಿದು ನನ್ನ ರಟ್ಟೆ ಬಿದ್ದುಹೋಗಿದೆ. ಇವನ್ನ ನೋಡಿ ಕಲೀರಿ."

"ಲೇ, ಇದು ಪೂರ್ತಿ ಆಗದ ಆಟ ಕಣೋ. ಗುಡ್ಡ ಇನ್ನೂ ಗಟ್ಟಿಯಾಗಿಲ್ಲ," ಎಂದ ಡ್ರೈವರ್.

ಅಷ್ಟರಲ್ಲಿ ಬಾಗಿಲಲ್ಲಿ ಮ್ಯಾನೇಜರ್. ಟಿವಿಯಲ್ಲಿ, ಇನ್ಯಾವುದೋ ದೇಶದಲ್ಲಿ ಕೂತವನೊಬ್ಬ ಓಡಿಸುತ್ತಿದ್ದ ಬಸ್ಸು ಎದುರಿಂದ ಬಂದು, ಇವನ ಬಸ್ಸಿನ ಹೊಟ್ಟೆಯೊಳಗಿಂದಲೇ ಹಾದುಹೋಯಿತು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬಾಯಿ ಮುಚ್ಕೊಂಡಿರಣ್ಣ," ಎಂದು ಕಂಡಕ್ಟರ್ ಕಿವಿಯಲ್ಲಿ ಊದಿದ. "ಊರ ರೂಟು ಸಿಕ್ತು ಅಂದ್ಕೋ."

ಡ್ರೈವರ್ ಬಾಯಿ ಮುಚ್ಚಿದ. ಅಲ್ಲೇ ಕೆಟ್ಟ.

"ಸಮುದ್ರಕ್ಕೆ ಬಿಡಿ ನೋಡೋಣ," ಎಂದರು ಮ್ಯಾನೇಜರ್.

ಬಿಟ್ಟ. ಮೀನುಗಳು ಒಂದು ಕಿಟಕಿಯಿಂದ ಬಂದು ಇನ್ನೊಂದರಿಂದ ಹೋದವು. ಒಬ್ಬನ ಟೋಪಿಯೂ ನೆನೆಯಲಿಲ್ಲ.

"ಅಲ್ರೀ, ಇಂಥ ಕೈ ಇಟ್ಕೊಂಡು ಊರ ರೂಟು ಕೇಳೋಕೆ ನಾಚಿಕೆ ಆಗಲ್ವಾ?" ಎಂದರು ಮ್ಯಾನೇಜರ್. "ತರಕಾರಿ ಗಾಡಿ ಹಿಂದೆ ಹಾರ್ನ್ ಹೊಡೆಯೋ ಮನುಷ್ಯನಾ ನೀವು? ರಿಟೈರ್ ಆಗೋವರೆಗೂ ಬೆಟ್ಟ ನಿಮ್ಮದೇ."

ತನಗೆ ಓಡಿಸಲು ಬರುವುದೇ ಇಲ್ಲವೆಂದು ತೋರಿಸಲು ಡ್ರೈವರ್ ಬಸ್ಸನ್ನು ಮನೆಗೆ ಗುದ್ದಿದ, ಸೇತುವೆಗೆ ಗುದ್ದಿದ, ಪೊಲೀಸ್ ಠಾಣೆಯನ್ನೂ ಬಿಡಲಿಲ್ಲ. ಎಲ್ಲವೂ ಮರ್ಯಾದೆಯಿಂದ ದಾರಿ ಬಿಟ್ಟವು. ಡಿಪೋಗೆ ಡಿಪೋವೇ ಬಂದು ಕಿಟಕಿಗೆ ಜೋತುಬಿತ್ತು.

"ಸಾರ್, ಯಾರು ಓಡಿಸಿದ್ರೂ ಇದು ಹೀಗೇ. ಬೇಕಾದ್ರೆ ನೀವೇ ನೋಡಿ," ಎಂದು ಫೋನನ್ನು ಅವರ ಕೈಗೆ ತುರುಕಿದ.

ಜನ್ಮದಲ್ಲಿ ಸೈಕಲ್ಲೂ ತುಳಿಯದ ಮ್ಯಾನೇಜರ್ ಒಂದೇ ಬೆರಳಿನಿಂದ ಒತ್ತಿದರು. ಬಸ್ಸು ಗುಡ್ಡ ಹೊಕ್ಕಿತು, ಸಮುದ್ರ ದಾಟಿತು, ಲೋಕವೇ ಮುಗಿದ ಜಾಗದಾಚೆಯ ಬಿಳಿಯಲ್ಲಿ ನಿಧಾನವಾಗಿ ತೇಲತೊಡಗಿತು.

"ಈಗ ಗೊತ್ತಾಯ್ತಾ ಸಾರ್?"

"ಗೊತ್ತಾಯ್ತು," ಎಂದರು ಮ್ಯಾನೇಜರ್, ಕಣ್ಣೊರೆಸಿಕೊಳ್ಳುತ್ತ. "ನನ್ನಲ್ಲೂ ಇಂಥ ಕೈ ಇದೆ ಅಂತ ಇಷ್ಟು ದಿನ ಗೊತ್ತೇ ಇರಲಿಲ್ಲ. ನಾಳೆಯಿಂದ ಬೆಟ್ಟದ ಬಸ್ಸಿಗೆ ನಾನೂ ಬರ್ತೀನಿ. ನೀವು ಪಕ್ಕದಲ್ಲಿ ಕೂತಿರಿ, ತಿರುವುಗಳೆಲ್ಲ ನನಗಿರಲಿ."